ಎರಡನೇ ಅಂಕದ ಉಸಿರು

ಊರೂರು ಸುತ್ತುವ ಸಂಗೀತ ನಾಟಕಗಳ ಬಗ್ಗೆ ಅಕ್ಕನ ಅಭಿಪ್ರಾಯವನ್ನು ಒಮ್ಮೆ ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ. ಕೇಳದಿದ್ದರೂ ಅವಳು ಹೇಳುತ್ತಿದ್ದಳು.

ರಾಜಧಾನಿಯಲ್ಲಿ ಲಾರಿಗಟ್ಟಲೆ ಸಾಮಾನಿನೊಂದಿಗೆ ಹುಟ್ಟಿದ ನಾಟಕ ಇಲ್ಲಿಗೆ ಬರುವಷ್ಟರಲ್ಲಿ ಒಂದು ವ್ಯಾನಿಗೆ ಇಳಿದಿರುತ್ತದೆ ಎಂಬುದು ಅವಳ ಮೊದಲ ದೂರು. ಅರಮನೆಯ ಮೆಟ್ಟಿಲು ಸವೆದು ಸವೆದು ಒಂದು ಏಣಿಯಷ್ಟಾಗಿರುತ್ತದೆ. ಆ ಏಣಿಯನ್ನೂ ನಟರೇ ತಳ್ಳಬೇಕು. ಈಗಷ್ಟೇ ಪ್ರಾಣ ಬಿಟ್ಟ ರಾಣಿ, ದೀಪ ಆರಿತೆಂದು ಎದ್ದು, ತನ್ನ ಮಂಚವನ್ನು ತಾನೇ ದಬ್ಬಿಕೊಂಡು ಒಳಗೆ ಹೋದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಪೋಸ್ಟರಿನಲ್ಲಿ ಒಬ್ಬಳ ಮುಖ, ರಂಗದ ಮೇಲೆ ಇನ್ನೊಬ್ಬಳು. ಬಣ್ಣ ಬಳಿದ ಪರದೆಗಳು ಹೋಗಿ ಹಿಂದೆ ದೊಡ್ಡದೊಂದು ವಿಡಿಯೋ ಬಂದಿದೆ; ಕಾಡು, ಕಡಲು, ಬೀದಿ ಎಲ್ಲ ಅದರಲ್ಲೇ ತೊನೆಯುತ್ತವೆ, ಮುಂದೆ ನಿಂತ ನಟರು ರೈಲು ತಪ್ಪಿಸಿಕೊಂಡವರ ಹಾಗೆ ಕಾಣುತ್ತಾರೆ. ಹಣೆಗೆ ಅಂಟಿಸಿದ ಮೈಕು ಥೇಟ್ ಜಿಗಣೆ. ಇಷ್ಟಾದರೂ ಕೊನೆಗೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.

“ಆಗೆಲ್ಲ ಮೈ ಜುಮ್ಮೆಂದರೆ ಎದ್ದು ನಿಲ್ತಿದ್ರು. ಈಗ ಸೊಂಟ ಹಿಡ್ಕೊಂಡ್ರೆ ನಿಲ್ತಾರೆ,” ಎನ್ನುತ್ತಿದ್ದಳು.

“ಇಷ್ಟು ಬೈಯೋಕೆ ಅಲ್ಲೀವರೆಗೂ ಹೋಗಬೇಕಾ?” ಎಂದು ಗಂಡ ಕೇಳುತ್ತಿದ್ದ. “ಮನೇಲೇ ಕೂತು ನನ್ನ ಬೈಬಹುದಲ್ವಾ?”

“ನಿಮ್ಮನ್ನ ಬೈದೂ ಬೈದೂ ನಾಲಿಗೆ ರುಚಿ ಕೆಟ್ಟಿದೆ. ಬದಲಾವಣೆ ಬೇಡವಾ?”

ಆದರೂ ಅವಳು ಒಂದು ನಾಟಕವನ್ನೂ ತಪ್ಪಿಸಿಕೊಂಡವಳಲ್ಲ. ಯಾಕೆ ಹೋಗುತ್ತೇನೆಂದು ತನಗೆ ತಾನೇ ಹೇಳಿಕೊಳ್ಳಬೇಕಾಗಿ ಬಂದಾಗ ಅವಳಿಗೆ ನೆನಪಾಗುತ್ತಿದ್ದದ್ದು ಕಥೆಯೂ ಅಲ್ಲ, ಹಾಡೂ ಅಲ್ಲ. ಪರದೆ ಏಳುವ ಮೊದಲು, ದೀಪಗಳು ಅರ್ಧ ಆರಿದಾಗ, ರಂಗದ ಮುಂದಿನ ತಗ್ಗಿನಲ್ಲಿ ವಾದ್ಯದವರು ಶ್ರುತಿ ಕೂಡಿಸಿಕೊಳ್ಳುವ ಒಂದು ಉದ್ದನೆಯ ಸ್ವರ. ಆ ತಗ್ಗಿಗೆ ಎಲ್ಲರೂ ಗುಂಡಿ ಎನ್ನುತ್ತಿದ್ದರು. ಗುಂಡಿಯಿಂದ ಆ ಸ್ವರ ಎದ್ದಾಗ ಯಾರ ಹೆಂಡತಿಯೂ ಅಲ್ಲದ, ಯಾರ ತಾಯಿಯೂ ಅಲ್ಲದ ಒಬ್ಬಳು ಅವಳೊಳಗೆ ನೆಟ್ಟಗೆ ಕೂರುತ್ತಿದ್ದಳು. ಆ ಒಬ್ಬಳನ್ನು ನೋಡಿಕೊಂಡು ಬರಲಿಕ್ಕೆ ಉಳಿದ ಹೇಸಿಗೆಯನ್ನೆಲ್ಲ ಸಹಿಸಬಹುದಿತ್ತು.

ಸಹಿಸಲಾಗದ್ದು ಒಂದೇ, ಡಬ್ಬಿ. ರೆಕಾರ್ಡ್ ಮಾಡಿದ ಸಂಗೀತಕ್ಕೆ ಅವಳಿಟ್ಟ ಹೆಸರು ಅದು. ಹೊಸ ಕಂಪನಿಗಳು ಗುಂಡಿಯಲ್ಲಿ ನಾಲ್ಕು ಜನರನ್ನು ಕೂರಿಸಿ, ಮಿಕ್ಕ ವಾದ್ಯಗಳನ್ನೆಲ್ಲ ಒಂದು ಯಂತ್ರದಿಂದ ಬಿಡುತ್ತಿದ್ದವು. ಯಾವುದು ಉಸಿರು, ಯಾವುದು ಡಬ್ಬಿ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ ಎಂಬುದು ಅಕ್ಕನ ಹೆಮ್ಮೆ. ಊರಿನ ನಾಟಕದ ಹುಚ್ಚಿನವರೆಲ್ಲ ಸೇರಿ ಫೋನಿನಲ್ಲಿ ‘ಬಾಲ್ಕನಿ ಬಳಗ’ ಎಂಬ ಗುಂಪು ಮಾಡಿಕೊಂಡಿದ್ದರು. ಒಮ್ಮೆ ಅವಳು ಅಲ್ಲಿ, ನಿನ್ನೆಯ ನಾಟಕದ ತಬಲ ಡಬ್ಬಿಯದು, ಪ್ರತಿ ಹಾಡಿನಲ್ಲೂ ಒಂದೇ ಕಡೆ ಒಂದೇ ಥರ ಬೆರಳು ಜಾರುತ್ತದೆ, ಮನುಷ್ಯನಾದರೆ ಬೇರೆ ಬೇರೆ ಕಡೆ ಜಾರುತ್ತಿದ್ದ ಎಂದು ಬರೆದಳು. ಆ ಕಂಪನಿಯವರು ಕೊನೆಗೆ ಒಪ್ಪಿಕೊಂಡರು. ಅಂದಿನಿಂದ ಬಳಗದಲ್ಲಿ ಅವಳ ಹೆಸರು ಕಿವಿಯಕ್ಕ.

ಹಗಲಲ್ಲಿ ಕಿವಿಯಕ್ಕನ ಕೆಲಸ ಹಲ್ಲು ಕಟ್ಟುವ ಲ್ಯಾಬಿನಲ್ಲಿ. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ನಿಲ್ಲಿಸುವುದು. ತೀರಾ ಸಾಲಾಗಿ ನಿಲ್ಲಿಸಿದರೆ ಸುಳ್ಳು ಹಲ್ಲೆಂದು ಯಾರಿಗಾದರೂ ತಿಳಿಯುತ್ತದೆ. ಒಂದನ್ನು ಕೂದಲೆಳೆಯಷ್ಟು ವಾರೆ ಮಾಡಬೇಕು, ಇನ್ನೊಂದರ ಬುಡಕ್ಕೆ ಚಹಾ ಕುಡಿದ ಕಲೆಯಂಥ ಬಣ್ಣ ತಾಗಿಸಬೇಕು. ವಾರೆ ಮಾಡುವುದರಲ್ಲಿ ಅವಳದು ಎತ್ತಿದ ಕೈ.

ತಂಗಿ ಕ್ಲಾರಿನೆಟ್ ನುಡಿಸುವವಳು. ಶಾಲೆಯಲ್ಲಿ ಸಂಗೀತದ ಟೀಚರು, ಪೇಟೆಯ ಆ ತುದಿಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು. ನಾಟಕದ ಕಂಪನಿಗಳು ಊರಿಗೆ ಬಂದಾಗ ಗುಂಡಿಗೆ ಬೇಕಾದ ವಾದ್ಯದವರನ್ನು ಆಯಾ ಊರಿನಲ್ಲೇ ಹುಡುಕಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಇಲ್ಲಿ ಕ್ಲಾರಿನೆಟ್ ಎಂದರೆ ಅವಳೇ. ವರ್ಷವಿಡೀ ಮಕ್ಕಳ ಅಪಸ್ವರ ಕೇಳಿ ಕೇಳಿ ಬಾಡಿದವಳು ಆ ವಾರಗಳಲ್ಲಿ ಚಿಗುರುತ್ತಿದ್ದಳು. ನಾಟಕ ಮುಗಿದ ಮೇಲೆ ಇಬ್ಬರೂ ನಾಟಕದ ಹಾಲಿನ ಎದುರಿನ ಬಸ್ ನಿಲ್ದಾಣದಲ್ಲಿ ಕೂತು, ಮೇಲೆ ನಡೆದದ್ದನ್ನು ಅಕ್ಕನೂ ಕೆಳಗೆ ನಡೆದದ್ದನ್ನು ತಂಗಿಯೂ ಹೇಳಿಕೊಂಡು, ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಡುತ್ತಿದ್ದರು.

ಡಬ್ಬಿ ಬಂದ ಮೇಲೆ ತಂಗಿಗೆ ಕರೆ ನಿಂತುಹೋಯಿತು. ಎರಡು ವರ್ಷ ಯಾರೂ ಕೇಳಲಿಲ್ಲ. ಈ ಸಲ ‘ಗಡಿಯಾರದಂಗಡಿ’ ಎಂಬ ನಾಟಕ ಮತ್ತೆ ಬರುತ್ತದೆಂದೂ, ಕ್ಲಾರಿನೆಟ್ ಬೇಕೆಂದೂ ಫೋನ್ ಬಂದಾಗ ಅವಳು ಶಾಲೆಯ ಕಾರಿಡಾರಿನಿಂದಲೇ ಅಕ್ಕನಿಗೆ ತಿಳಿಸಿದಳು.

“ಇದೊಂದು ವಾರ ಸರಿಹೋದ್ರೆ ಮುಂದಕ್ಕೂ ಕರೀತಾರೆ ಕಣೆ. ಸರಿಹೋಗದಿದ್ರೆ ಕೊಳವೆ ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಮಕ್ಕಳಿಗೆ ಸರಿಗಮ ಹೇಳ್ಕೊಟ್ಟುಕೊಂಡೇ ಮುದುಕಿ ಆಗ್ತೀನಿ.”

“ಹೋಗೇ. ಆ ನಾಟಕ ನಿಂದೇ.”

ಅದು ನಿಜವಾಗಿತ್ತು. ‘ಗಡಿಯಾರದಂಗಡಿ’ ಮೊದಲ ಸಲ ಬಂದಾಗ ಗುಂಡಿಯಲ್ಲಿ ಕೂತಿದ್ದವಳು ತಂಗಿಯೇ. ಗಡಿಯಾರ ರಿಪೇರಿಯವನ ವಿಧವೆ ಎರಡನೇ ಅಂಕದಲ್ಲಿ ಅಂಗಡಿಯ ಗಡಿಯಾರಗಳನ್ನು ಒಂದೊಂದಾಗಿ ನಿಲ್ಲಿಸುತ್ತಾಳೆ. ಆಗ ಹಾಡಿಲ್ಲ, ಮಾತಿಲ್ಲ, ಕ್ಲಾರಿನೆಟ್ ಒಂದೇ. ಅದಕ್ಕಾಗಿ ತಂಗಿ ತಿಂಗಳುಗಟ್ಟಲೆ ಅಕ್ಕನ ಅಡುಗೆಮನೆಯಲ್ಲೇ ನಿಂತು ಅಭ್ಯಾಸ ಮಾಡಿದ್ದಳು. ಭಾವ ಚಪಾತಿ ಹಿಡಿದುಕೊಂಡೇ ಹೊರಗೆ ಓಡುತ್ತಿದ್ದ.

ಈ ಸಲ ರಿಹರ್ಸಲ್ ಮುಗಿದ ದಿನ ತಂಗಿ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. “ಬೇಗ ಬಂದು ನೋಡು,” ಎಂದಷ್ಟೇ ಹೇಳಿದಳು. “ಕಣ್ಣು ಮುಚ್ಚಿ ಕೇಳು. ಕೇಳಿದ್ದನ್ನ ಬರಿ. ನನ್ನ ತಂಗಿ ಅಂತ ಕರುಣೆ ತೋರಿಸಬೇಡ.”

“ನಾನ್ಯಾವಾಗ ಕರುಣೆ ತೋರಿಸಿದೀನಿ?”

“ಅದಕ್ಕೇ ನಿನಗೆ ಹೇಳ್ತಿರೋದು.”

ಅಕ್ಕ ಮಧ್ಯಾಹ್ನದ ಆಟಕ್ಕೇ ಹೋದಳು. ಸಂಜೆಯ ಆಟಕ್ಕೆ ಬಟ್ಟೆ ತೋರಿಸುವವರು ಬರುತ್ತಾರೆ, ನಾಟಕ ನೋಡುವವರು ಬರುವುದು ಮಧ್ಯಾಹ್ನ ಎಂಬುದು ಅವಳ ಲೆಕ್ಕ. ಮೊದಲಿನ ಗಡಿಯಾರದಂಗಡಿಯಲ್ಲಿ ನೆಲದಿಂದ ಮಾಡಿನವರೆಗೆ ನಿಜವಾದ ಗಡಿಯಾರಗಳಿದ್ದವು, ಟಿಕ್ ಟಿಕ್ ಬಾಲ್ಕನಿಗೂ ಕೇಳುತ್ತಿತ್ತು. ಈಗ ವಿಡಿಯೋದಲ್ಲಿ ಗಡಿಯಾರಗಳು ಮೀನಿನ ಹಾಗೆ ಈಜುತ್ತಿದ್ದವು. ವಿಧವೆಯ ಸೀರೆ ಮಿನುಗುತ್ತಿತ್ತು. ಗಂಡ ಸತ್ತ ಸಂತೋಷಕ್ಕೆ ಉಟ್ಟಂತಿತ್ತು. ಗುಂಡಿಯನ್ನು ಮಾತ್ರ ಎತ್ತರಿಸಿ, ವಾದ್ಯದವರು ಎಲ್ಲರಿಗೂ ಕಾಣುವ ಹಾಗೆ ಮಾಡಿದ್ದರು. ಕಪ್ಪು ಬಟ್ಟೆಯ ನಾಲ್ಕು ಜನರಲ್ಲಿ ತಂಗಿಯೂ ಒಬ್ಬಳು. ಅಕ್ಕನ ಎದೆ ಅರಳಿತು.

ಎರಡನೇ ಅಂಕದಲ್ಲಿ ತಂಗಿಯ ಮೇಲೆ ಬೆಳಕು ಬಿತ್ತು. ಅಕ್ಕ ಕಣ್ಣು ಮುಚ್ಚಿದಳು. ಕ್ಲಾರಿನೆಟ್ ಎದ್ದಿತು, ಇಳಿಯಿತು, ಕೊನೆಯ ಸಾಲಿನ ಮೊದಲು, ಪ್ರಪಾತದ ಅಂಚಿನಲ್ಲಿ ನಿಂತವರು ಎಳೆದುಕೊಳ್ಳುವಂಥ ಒಂದು ಉಸಿರು ಕೇಳಿಸಿ, ಮತ್ತೆ ಮುಂದುವರಿಯಿತು. ಬೆಳಕು ಆರುವವರೆಗೂ ಅವಳು ಕಣ್ಣು ತೆರೆಯಲಿಲ್ಲ.

ಆಟ ಮುಗಿದ ಮೇಲೆ ಸಂಜೆಯ ಆಟಕ್ಕೆ ಸಿದ್ಧವಾಗಬೇಕೆಂದು ತಂಗಿ ಹೊರಗೆ ಬರಲಿಲ್ಲ. ಅಕ್ಕ ಬಸ್ಸಿನಲ್ಲೇ ಬಳಗಕ್ಕೆ ಬರೆದಳು:

‘ಗಡಿಯಾರದಂಗಡಿಯಲ್ಲಿ ಗಡಿಯಾರವಿಲ್ಲ, ಅಂಗಡಿಯೂ ಇಲ್ಲ. ಇರುವುದು ಒಂದು ದೊಡ್ಡ ಟಿವಿ, ಅದರ ಮುಂದೆ ಅಡ್ಡ ಬರುವ ಕೆಲವು ಜನ. ನಾಯಕಿ ಅಳುವಾಗ ಮೈಕಿಗೆ ತೊಂದರೆಯಾಗದಂತೆ ಅಳುತ್ತಾಳೆ. ಉಳಿದದ್ದೆಲ್ಲ ಡಬ್ಬಿ, ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಸಂಸಾರ. ಆದರೆ ಎರಡನೇ ಅಂಕದ ಕ್ಲಾರಿನೆಟ್‌ಗಾಗಿ ಹೋಗಿ. ಕೊನೆಯ ಸಾಲಿಗೆ ಮೊದಲು ಆಕೆ ಎಳೆದುಕೊಳ್ಳುವ ಉಸಿರನ್ನು ಕೇಳಿ. ಈ ಒಂದು ಜೀವಂತ ಉಸಿರನ್ನು ಯಾವ ಡಬ್ಬಿಯೂ ಕೊಡಲಾರದು.’

ತಂಗಿ ಎಂದು ಬರೆಯಲಿಲ್ಲ. ಹಾಗೆ ಬರೆಯುವುದು ನ್ಯಾಯವಲ್ಲ. ಕಿವಿಯಕ್ಕ ಹೊಗಳಿದ್ದಾಳೆಂದು ಬಳಗ ಹಬ್ಬ ಮಾಡಿತು. ‘ಸೂರ್ಯ ಎಲ್ಲಿ ಹುಟ್ಟಿದ?’ ಎಂದು ಒಬ್ಬರು ಕೇಳಿದರು. ‘ಜ್ವರವಿದೆಯಾ ನೋಡಿ’ ಎಂದರು ಇನ್ನೊಬ್ಬರು. ತಂಗಿಯಿಂದ ಮಾತ್ರ ಏನೂ ಬರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅವಳು ಲ್ಯಾಬಿಗೇ ಬಂದಳು. ಅಕ್ಕ ಬೆರಳಿಗಂಟಿದ ಮೇಣ ಕೀಳುತ್ತಾ, ಕಿಟಕಿಯ ಬಳಿಯ ಸ್ಟೂಲು ಎಳೆದು ಕೊಟ್ಟಳು. ಮೇಜಿನ ಮೇಲೆ ಹೆಸರಿನ ಚೀಟಿ ಅಂಟಿಸಿದ ದವಡೆಗಳು ಬಾಯಿ ತೆರೆದು ಕೂತಿದ್ದವು.

“ಓದಿದ್ಯಾ?” ಎಂದಳು ಅಕ್ಕ. ಮುಖದ ತುಂಬ ನಗು.

“ಓದಿದೆ. ನನ್ನ ತುಟಿ ನೋಡು.”

“ಏನಾಯ್ತು?”

“ಏನೂ ಆಗಿಲ್ಲ. ಅದನ್ನೇ ನೋಡು ಅಂದಿದ್ದು.”

ಅಕ್ಕ ನೋಡಿದಳು. ಕ್ಲಾರಿನೆಟ್ ಊದಿದ ಮರುದಿನ ತಂಗಿಯ ಕೆಳತುಟಿಯ ಒಳಗೆ ಹಲ್ಲು ಒತ್ತಿದ ಗುರುತು ಕೆಂಪಗೆ ಸಾಲಾಗಿ ಮೂಡಿರುತ್ತಿತ್ತು. ಹುಡುಗಿಯಾಗಿದ್ದಾಗ ಅದಕ್ಕೆ ಬೆಣ್ಣೆ ಹಚ್ಚುತ್ತಿದ್ದವಳು ಅಕ್ಕನೇ. ಈಗ ತುಟಿ ಮಗುವಿನದರ ಹಾಗೆ ನುಣ್ಣಗಿತ್ತು.

“ನಾನು ಊದ್ತಿಲ್ಲ ಅಕ್ಕ,” ಎಂದಳು ತಂಗಿ. “ಬಾಯಿಗಿಡೋ ಕಡೆ ಒಂದು ತೆಳ್ಳನೆ ಪಟ್ಟಿ ಇರುತ್ತಲ್ಲ, ರೀಡು, ಅದನ್ನ ತೆಗೆಸಿಬಿಟ್ಟಿದಾರೆ. ಅಪ್ಪಿತಪ್ಪಿ ಸದ್ದು ಬರಬಾರದು ಅಂತ. ಪಿಟೀಲಿನವರ ಕಮಾನಿಗೆ ಸದ್ದು ಬಾರದ ಹಾಗೆ ಸೋಪು ಸವರಿದಾರೆ. ಕೀಬೋರ್ಡು, ಡ್ರಮ್ಮು ಎರಡೇ ನಿಜ. ನಾವಿಬ್ಬರು ಬೆರಳಾಡಿಸಿಕೊಂಡು ಕೂರೋಕೆ. ಜನಕ್ಕೆ ವಾದ್ಯದವರು ಕಣ್ಣಿಗೆ ಬಿದ್ರೆ ಸಾಕಂತೆ.”

ಅಕ್ಕ ಕೇಳಿದ ಪ್ರಶ್ನೆ ಅವಳಿಗೇ ನಾಚಿಕೆ ತಂದಿತು.

“ಆ ಉಸಿರು?”

“ಅದೂ ಡಬ್ಬಿದೇ. ಯಾರೋ ಎಲ್ಲೋ ರೆಕಾರ್ಡ್ ಮಾಡಿದ್ದು. ಉಸಿರನ್ನ ಬೇಕಂತಲೇ ಬಿಟ್ಟಿದಾರೆ, ನಿಜ ಅನ್ನಿಸಲಿ ಅಂತ.” ತಂಗಿ ಒಂದು ದವಡೆ ಎತ್ತಿ, ಅದರಲ್ಲಿ ವಾರೆ ನಿಂತ ಹಲ್ಲಿನ ಮೇಲೆ ಬೆರಳಿಟ್ಟಳು. “ನೀನು ಇದನ್ನ ಮಾಡ್ತೀಯಲ್ಲ, ಹಾಗೆ.”

ಅಕ್ಕ ದವಡೆಯನ್ನು ಅವಳ ಕೈಯಿಂದ ತೆಗೆದುಕೊಂಡು ಕೆಳಗಿಟ್ಟಳು.

“ನಾನು ಅಲ್ಲಿ ಉಸಿರು ತಗೊಳ್ಳಲ್ಲ,” ತಂಗಿ ಮುಂದುವರಿದಳು. ದನಿ ಏರಿರಲಿಲ್ಲ, ಅದೇ ಕಷ್ಟವಾಗಿತ್ತು. “ಯಾವತ್ತೂ ತಗೊಂಡಿಲ್ಲ. ಅದರ ಹಿಂದಿನ ಸಾಲನ್ನೂ ಆ ಕೊನೇ ಸಾಲನ್ನೂ ಸೇರಿಸಿ ಒಂದೇ ಉಸಿರಲ್ಲಿ ಮುಗಿಸ್ತೀನಿ. ಅದಕ್ಕೇ ಅಲ್ವಾ ನಿನ್ನ ಅಡುಗೆಮನೇಲಿ ಅಷ್ಟು ದಿನ ಸತ್ತಿದ್ದು? ನೂರು ಸಲ ಕೇಳಿದೀಯ ನೀನು. ಒಲೆ ಮುಂದೆ ನಿಂತು, ‘ಬಂತು, ಇವತ್ತು ಬಂತು, ಒಡೀಲಿಲ್ಲ’ ಅಂತ ಕುಣಿದಿದೀಯ.”

ಕುಣಿದದ್ದು ಅಕ್ಕನಿಗೆ ನೆನಪಿತ್ತು. ಕೈಯಲ್ಲಿದ್ದ ಸೌಟೂ ನೆನಪಿತ್ತು. ಸ್ವರ ಮಾತ್ರ ಯಾವಾಗಲೋ ಸೋರಿಹೋಗಿ, ಅದರ ಜಾಗದಲ್ಲಿ ಸ್ವರದ ಬಗ್ಗೆ ತನ್ನ ಅಭಿಪ್ರಾಯ ಕೂತಿತ್ತು.

“ನನಗೆ ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಬಾರದಿತ್ತು. ಅಲ್ಲೇ ಪೇಚಿರೋದು.” ತಂಗಿ ಕಿಟಕಿಯ ಕಡೆ ತಿರುಗಿದಳು. “ರಿಹರ್ಸಲ್ ದಿನ ಮ್ಯಾನೇಜರ್ ಹತ್ತಿರ ಜಗಳ ಆಡಿದೆ. ಇದು ಕಣ್ಣಿಗೆ ಮಣ್ಣೆರಚೋ ಕೆಲಸ, ಈ ಊರಿನವರಿಗೆ ಗೊತ್ತಾಗೇ ಆಗುತ್ತೆ ಅಂದೆ. ಅವನು ನಕ್ಕ. ಶನಿವಾರದೊಳಗೆ ಒಬ್ಬರೇ ಒಬ್ಬರು ತಾವಾಗಿ ಬಂದು ಆ ಕ್ಲಾರಿನೆಟ್ ಸುಳ್ಳು ಅಂದ್ರೆ, ಆಮೇಲಿನ ಆಟಕ್ಕೆಲ್ಲ ನೀವು ರೀಡ್ ಹಾಕ್ಕೊಂಡು ಊದಿ, ನಾನು ಮೈಕ್ ಆನ್ ಮಾಡ್ತೀನಿ, ಮುಂದಿನ ನಾಟಕಕ್ಕೂ ಕರೀತೀನಿ ಅಂದ. ಸರಿ ಅಂದೆ. ಒಬ್ಬರು ಸಾಕಿತ್ತು ಅಕ್ಕ. ನನ್ನ ಹತ್ತಿರ ಒಬ್ಬಳಿದ್ದಳಲ್ಲ.”

ಪಕ್ಕದ ಕೋಣೆಯಲ್ಲಿ ಹಲ್ಲಿಗೆ ಹೊಳಪು ಕೊಡುವ ಯಂತ್ರ ಕಿರ್ರೆಂದು ಶುರುವಾಗಿ ನಿಂತಿತು.

“ಈಗಲೇ ಬರೀತೀನಿ,” ಎಂದು ಅಕ್ಕ ಫೋನಿಗೆ ಕೈ ಹಾಕಿದಳು. “ಮಾನ ಮರ್ಯಾದೆ ಇಲ್ಲದ ನನ್ಮಕ್ಕಳು. ಟಿಕೆಟ್ ತಗೊಂಡವರ ಮುಂದೆ ಹೆಣಕ್ಕೆ ಸೀರೆ ಉಡಿಸಿ ಕುಣಿಸ್ತಾರಾ? ಥೂ!”

“ಬರೀಬೇಡ.”

“ಯಾಕೆ?”

“ಗುಟ್ಟು ಬಿಡಲ್ಲ ಅಂತ ಮಾತು ಕೊಟ್ಟಿದೀನಿ. ನೀನು ಬರೆದ್ರೆ ನಿಜವಾಗಿ ನುಡಿಸ್ತಿರೋ ಆ ಇಬ್ಬರ ಕೆಲಸಾನೂ ಹೋಗುತ್ತೆ. ಮತ್ತೆ, ನೀನು ಗೊತ್ತಿಲ್ಲದೆ ಹೇಳಬೇಕಿತ್ತು. ನಾನು ಹೇಳ್ಕೊಟ್ಟ ಮೇಲೆ ಹೇಳಿ ಏನು ಬಂತು?” ಅವಳು ಎದ್ದಳು. ಬಾಗಿಲ ಬಳಿ ನಿಂತು ಒಮ್ಮೆ ನಕ್ಕಳು. ಆ ನಗೆ ನೋಡಲು ಚೆನ್ನಾಗಿರಲಿಲ್ಲ. “ಊರೆಲ್ಲ ಬಂಗಾರದ ಕಿವಿ ಅಂತಾರೆ. ಹಿತ್ತಾಳೆ ಕಿವಿ ಕಣೆ ನಿಂದು. ಬೋರ್ಡ್ ನೋಡಿ ಬೆರಗಾಗೋ ಕಿವಿ. ನಾನು ಅಲ್ಲಿ ಕೂತಿದ್ದೆ, ಅದಕ್ಕೇ ನಿನಗೆ ಕೇಳಿಸ್ತು.”

ಅಂದು ಅಕ್ಕ ಕಟ್ಟಿದ ಹಲ್ಲಿನ ಸಾಲು ಒಂದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಲ್ಯಾಬಿನ ಯಜಮಾನ ಅದನ್ನು ವಾಪಸ್ಸು ತಂದಿಟ್ಟ. “ಇದೇನಮ್ಮಾ, ಪಿಯಾನೋ ಇದ್ದ ಹಾಗಿದೆ. ಇದನ್ನ ಹಾಕ್ಕೊಂಡವರು ನಕ್ಕರೆ ಜನ ಓಡಿಹೋಗ್ತಾರೆ.” ಅವಳು ಮೇಣ ಬಿಸಿ ಮಾಡಿ, ಒಂದು ಹಲ್ಲನ್ನು ವಾರೆ ತಿರುಗಿಸಲು ಹೋದಳು. ಹೇಸಿಗೆಯಾಯಿತು. ತಿರುಗಿಸಲೇಬೇಕಿತ್ತು, ತಿರುಗಿಸಿದಳು.

ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವನು ಎಂದಿನಂತೆ ತಮಾಷೆಗೆ ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿಕೊಂಡ. ಆಮೇಲೆ ಮೆಲ್ಲಗೆ, “ನಾನಾಗಿದ್ರೂ ಮೋಸ ಹೋಗ್ತಿದ್ದೆ,” ಎಂದ.

“ನೀವು ನಿದ್ದೆ ಹೋಗ್ತಿದ್ರಿ,” ಎಂದಳು. “ಅದೇ ಎಷ್ಟೋ ವಾಸಿ.”

ಶನಿವಾರ ಮಧ್ಯಾಹ್ನ ಅವಳು ಮತ್ತೆ ಹಾಲಿಗೆ ಹೋದಳು. ಗಡುವು ಇನ್ನೂ ಮುಗಿದಿರಲಿಲ್ಲ. ತಂಗಿ ಬೇಡವೆಂದದ್ದು ಬರೆಯುವುದನ್ನು. ಮ್ಯಾನೇಜರನ ಎದುರು ನಿಂತು ಹೇಳುವುದನ್ನು ಅವಳು ಬೇಡವೆಂದಿರಲಿಲ್ಲ. ಹೀಗೆ ತನಗೆ ತಾನೇ ಸಬೂಬು ಹೇಳಿಕೊಂಡು ಬಾಗಿಲು ದಾಟುವಾಗ, ಟಿಕೆಟ್ ಕಿಟಕಿಯ ಪಕ್ಕದಲ್ಲಿ ಒಂದು ಹೊಸ ಬೋರ್ಡು ಕಂಡಿತು. ಕ್ಲಾರಿನೆಟ್ ಹಿಡಿದ ಎರಡು ಕೈಗಳ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಒಂದು ಜೀವಂತ ಉಸಿರು! — ಕಿವಿಯಕ್ಕ.’ ಬಳಗದಿಂದ ಯಾರೋ ದಾಟಿಸಿದ್ದರು; ದೊಡ್ಡ ಟಿವಿಯ ಮಾತು, ಡಬ್ಬಿಯ ಮಾತು ಯಾವುದೂ ಅಲ್ಲಿರಲಿಲ್ಲ. ತನ್ನ ಬಾಯಿಂದ ಯಾರೋ ಒಂದು ಹಲ್ಲು ಕಿತ್ತು ಅಂಗಡಿಯಲ್ಲಿ ತೂಗುಹಾಕಿದ ಹಾಗೆ ಅವಳಿಗನ್ನಿಸಿತು.

ಮೊದಲ ಅಂಕದಲ್ಲಿ ಅವಳು ರಂಗದ ಕಡೆ ನೋಡಲಿಲ್ಲ. ತಂಗಿಯ ಬೆರಳುಗಳನ್ನೇ ನೋಡಿದಳು. ಒಂದೂ ತಪ್ಪುತ್ತಿರಲಿಲ್ಲ. ಕೇಳದ ಸ್ವರಕ್ಕೂ ತಂಗಿ ಸರಿಯಾದ ಬೆರಳನ್ನೇ ಇಡುತ್ತಿದ್ದಳು. ಅದನ್ನು ನೋಡುವುದು ಎಲ್ಲಕ್ಕಿಂತ ಅಸಹ್ಯವಾಗಿತ್ತು.

ಬಿಡುವಿನಲ್ಲಿ ಮ್ಯಾನೇಜರ್ ಗುಂಡಿಗೆ ಇಳಿಯುವ ಪುಟ್ಟ ಬಾಗಿಲ ಬಳಿ ನಿಂತಿದ್ದ. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕಾಗದದ ಲೋಟ. ಅವನ ಮುಖ ದಣಿದಿತ್ತು, ಕೆಟ್ಟವನ ಮುಖವೇನಲ್ಲ.

“ಎರಡನೇ ಅಂಕದ ಕ್ಲಾರಿನೆಟ್ ಬಗ್ಗೆ ಒಂದು ದೂರಿದೆ,” ಎಂದಳು ಅಕ್ಕ.

“ಹೇಳಿ ಮೇಡಂ.”

“ಅದನ್ನ ಅಲ್ಲಿ ಕೂತವರು ಊದ್ತಿಲ್ಲ. ಅದು ರೆಕಾರ್ಡು.”

ಅವನು ಒಂದು ಗುಟುಕು ಕುಡಿದ. “ಹಾಗಂತ ಇದುವರೆಗೆ ಯಾರೂ ಹೇಳಿಲ್ಲ. ಹೊರಗೆ ಬೋರ್ಡ್ ಓದಿದ್ರಾ? ಈ ಊರಲ್ಲಿ ಕಿವಿಯಕ್ಕ ಅಂತ ಒಬ್ಬರಿದ್ದಾರಂತೆ, ಮಹಾ ರಾಕ್ಷಸಿ. ಯಾರನ್ನೂ ಬಿಟ್ಟೋರಲ್ಲ. ಅವರೇ ಮೆಚ್ಚಿ ಬರೆದಿದ್ದಾರೆ.”

“ಆ ರಾಕ್ಷಸಿ ನಾನೇ.”

ಅವನು ಲೋಟವನ್ನು ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟು ಅವಳ ಮುಖವನ್ನು ನಿಧಾನವಾಗಿ ನೋಡಿದ. “ಓ. ನಮ್ಮ ಕ್ಲಾರಿನೆಟ್‌ನೋರ ಅಕ್ಕನೂ ನೀವೇನಾ? ಮೂಗು ಹಾಗೇ ಇದೆ.”

“ಹೌದು. ಒಬ್ಬರು ಬಂದು ಹೇಳಿದ್ರೆ ಸಾಕು ಅಂದಿದ್ರಂತೆ. ನಾನು ಬಂದಿದೀನಿ. ಹೇಳ್ತಿದೀನಿ.”

“ತಾವಾಗಿ ಬಂದು ಅಂದಿದ್ದೆ ಮೇಡಂ. ಮನೇಲಿ ಕೇಳ್ಕೊಂಡು ಬಂದು ಅಂದಿರಲಿಲ್ಲ.” ಅವನು ವ್ಯಂಗ್ಯವಾಡುತ್ತಿರಲಿಲ್ಲ. ದನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು, ಬಹಳ ದಿನದಿಂದ ಒಳಗೆ ಕೊರೆಯುತ್ತಿದ್ದುದು ಕೊನೆಗೂ ಇತ್ಯರ್ಥವಾದವನ ಹಾಗೆ. “ನಿಜ ಹೇಳಬೇಕು ಅಂದ್ರೆ ನನಗೂ ಭಯ ಇತ್ತು. ನಿಮ್ಮ ತಂಗಿ ಅಷ್ಟು ಗಟ್ಟಿಯಾಗಿ ಹೇಳಿದ್ರು, ಒಬ್ಬರು ಬಂದೇ ಬರ್ತಾರೆ ಅಂತ. ಆದ್ರೆ ನೋಡಿ, ನಿಮಗೇ ಗೊತ್ತಾಗಲಿಲ್ಲ ಅಂದ ಮೇಲೆ ಇನ್ಯಾರಿಗೆ ಗೊತ್ತಾಗುತ್ತೆ?”

ಅಕ್ಕ ಬಾಯಿ ತೆರೆದಳು. ಟಿವಿ, ಏಣಿ, ಜಿಗಣೆ, ಎಷ್ಟು ಮಾತುಗಳಿದ್ದವು ಅವಳ ಹತ್ತಿರ! ಇಷ್ಟು ವರ್ಷ ಕೂಡಿಟ್ಟ ತಿರಸ್ಕಾರದಲ್ಲಿ ಈ ಪ್ರಶ್ನೆಯ ಮುಂದೆ ಇಡಬಹುದಾದದ್ದು ಒಂದೂ ಸಿಗಲಿಲ್ಲ.

ಪುಟ್ಟ ಬಾಗಿಲು ಅರ್ಧ ತೆರೆದಿತ್ತು. ಅದರ ಒಳಗೆ, ಮೆಟ್ಟಿಲ ಮೇಲೆ, ತಂಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಅಕ್ಕನನ್ನು ನೋಡಿದಳು, ಮ್ಯಾನೇಜರನನ್ನು ನೋಡಿದಳು, ಕೆಳಗಿಳಿದು ಹೋದಳು. ಗಂಟೆ ಬಾರಿಸಿತು.

ಎರಡನೇ ಅಂಕ ಶುರುವಾದಾಗ ಗುಂಡಿಯಲ್ಲಿ ಮೂರೇ ಜನರಿದ್ದರು. ತಂಗಿಯ ಕುರ್ಚಿ ಖಾಲಿ. ಅಕ್ಕ ಅರ್ಧ ಎದ್ದವಳು ಮತ್ತೆ ಕೂತಳು. ಈಗ ಗೊತ್ತಾಗುತ್ತದೆ ಎಂದುಕೊಂಡಳು. ತಂಗಿ ಏನು ಮಾಡಿದ್ದಾಳೆಂದು ಅವಳಿಗೆ ಅರ್ಥವಾಗಿತ್ತು. ಕಿವಿಗೆ ತಿಳಿಯದಿದ್ದರೆ ಕಣ್ಣಿಗಾದರೂ ತಿಳಿಯಲಿ. ಕುರ್ಚಿಯಲ್ಲಿ ಯಾರೂ ಇಲ್ಲದೆ ಕ್ಲಾರಿನೆಟ್ ನುಡಿದರೆ ಎಂಥ ಕಿವುಡನೂ ಕೇಳಿಯಾನು.

ವಿಧವೆ ಮೊದಲ ಗಡಿಯಾರವನ್ನು ನಿಲ್ಲಿಸಿದಳು. ದಿನವೂ ಬೀಳುವ ಬೆಳಕು ಅಂದೂ ಬಿತ್ತು, ಖಾಲಿ ಕುರ್ಚಿಯ ಮೇಲೆ. ಕ್ಲಾರಿನೆಟ್ ಎದ್ದಿತು. ಯಾರೂ ಇಲ್ಲದ ಕಡೆಯಿಂದ ಎದ್ದು, ಸಭಾಂಗಣ ತುಂಬಿ, ಇಳಿಯಿತು. ಪ್ರೇಕ್ಷಕರು ನಿಶ್ಶಬ್ದವಾಗಿದ್ದರು. ಅಕ್ಕ ಎರಡೂ ಕೈಗಳಿಂದ ಸೀಟಿನ ತೋಳು ಹಿಡಿದುಕೊಂಡಳು. ಯಾರಾದರೂ ಕೂಗಬೇಕು. ಯಾರಾದರೂ ನಗಬೇಕು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಕಡೆ ಬಾಗಿದಳು. ಆಕೆಯ ಕಣ್ಣು ಒದ್ದೆಯಾಗಿತ್ತು.

“ಗಂಡನ ಕುರ್ಚಿ,” ಎಂದು ಪಿಸುಗುಟ್ಟಿದಳು. “ನೋಡಿದ್ರಾ? ಖಾಲಿ ಕುರ್ಚಿ ಮೇಲೆ ಲೈಟು. ಅಬ್ಬಾ, ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ!”

“ಅದು ಕ್ಲಾರಿನೆಟ್‌ನೋಳ ಕುರ್ಚಿ,” ಎಂದಳು ಅಕ್ಕ ಜೋರಾಗಿ. “ಅವಳು ಎದ್ದು ಹೋಗಿದ್ದಾಳೆ. ನೀವು ಕೇಳ್ತಿರೋದು ಡಬ್ಬಿ.”

“ಶ್!” ಎಂದರು ಹಿಂದಿನ ಸಾಲಿನವರು.

ಕೊನೆಯ ಸಾಲಿಗೆ ಮೊದಲು ಆ ಉಸಿರು ಬಂತು. ಇಡೀ ಹಾಲಿನಲ್ಲಿ ಮೂಗು ಸೇದುವ ಸದ್ದು. ಆಮೇಲೆ ಚಪ್ಪಾಳೆ, ನಾಟಕದ ನಡುವೆಯೇ, ನಿಲ್ಲದ ಚಪ್ಪಾಳೆ. ಮುಂದಿನ ಸಾಲಿನವರು ಕುರ್ಚಿಗಾಗಿ ಎದ್ದು ನಿಂತರು. ಅವರನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಬಾಲ್ಕನಿ. ಬಾಗಿಲ ಬಳಿ ನಿಂತ ಮ್ಯಾನೇಜರ್ ಮೊದಲು ಬೆಚ್ಚಿ, ಆಮೇಲೆ ನಿಧಾನವಾಗಿ ತಲೆಯಾಡಿಸುತ್ತಿದ್ದುದು ಅಕ್ಕನಿಗೆ ಕಂಡಿತು. ಅವಳು ಸಾಲಿನಲ್ಲಿದ್ದವರ ಕಾಲುಗಳನ್ನು ತುಳಿದುಕೊಂಡು ಹೊರಗೆ ಬಂದಳು. ಎದ್ದು ನಿಂತವರ ನಡುವೆ ಅವಳು ಹೊರಟದ್ದು ಯಾರಿಗೂ ಗೊತ್ತಾಗಲಿಲ್ಲ.

ಬಿಸಿಲಿಗೆ ಕಣ್ಣು ಕುಕ್ಕಿತು. ತಂಗಿ ಬಸ್ ನಿಲ್ದಾಣದಲ್ಲಿ ಇರಲಿಲ್ಲ. ಹಾಲಿನ ಹಿಂದೆ, ಸಾಮಾನು ಇಳಿಸುವ ಕಡೆ, ಮಡಿಸಿದ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಕಪ್ಪು ಬೂಟು ಬಿಚ್ಚುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತಳು. ಒಳಗಿನ ಚಪ್ಪಾಳೆ ಗೋಡೆಯಾಚೆಯಿಂದ, ಹುರಿಗಾಳು ಸುರಿದ ಹಾಗೆ ಕೇಳುತ್ತಿತ್ತು.

“ಅದು ನನಗಾ?” ಎಂದಳು ತಂಗಿ.

“ಕುರ್ಚಿಗೆ.”

ತಂಗಿ ಒಂದು ಕ್ಷಣ ಅರ್ಥವಾಗದೆ ನೋಡಿದಳು. ಅಕ್ಕ ಹೇಳಿದಳು, ಪಕ್ಕದ ಹೆಂಗಸಿನ ಪಿಸುಮಾತನ್ನೂ ಸೇರಿಸಿ. ಯಾವುದನ್ನೂ ಬಣ್ಣ ಕಟ್ಟಿ ಹೇಳಲಿಲ್ಲ. ಹೇಳುವುದು ಮುಗಿದಾಗ ತಂಗಿ ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ಹಾಗಾದ್ರೆ ನಾಳೆಯಿಂದ ಹಾಗೇ ಇಡ್ತಾರೆ,” ಎಂದಳು.

“ಇಡ್ತಾರೆ. ಪೋಸ್ಟರಿಗೂ ಹಾಕ್ತಾರೆ.”

“ಕುರ್ಚಿಗೆ ತುಟಿ ನೋಯಲ್ಲ, ಒಳ್ಳೇದೇ ಆಯ್ತು.” ತಂಗಿ ಪಕ್ಕಕ್ಕೆ ತಿರುಗಿ ಉಗುಳಿದಳು. ಶಾಲೆಯ ಟೀಚರು ಬೀದಿಯಲ್ಲಿ ಉಗುಳಿದ್ದನ್ನು ಅಕ್ಕ ಹಿಂದೆಂದೂ ನೋಡಿರಲಿಲ್ಲ. “ನನಗೆ ವಾಕರಿಕೆ ಬರ್ತಿದೆ ಅಕ್ಕ. ಅವರನ್ನ ನೋಡಿ ಅಲ್ಲ. ಮೂರು ದಿನ ನಾನು ಅಲ್ಲಿ ಕೂತು ಬೆರಳು ತಪ್ಪಬಾರದು ಅಂತ ಎಚ್ಚರವಾಗಿದ್ದೆನಲ್ಲ, ಅದಕ್ಕೆ.”

“ನಾನು ಬಳಗಕ್ಕೆ ಬರೀತೀನಿ. ಗುಟ್ಟು ಬಿಡಲ್ಲ. ನನಗೆ ಕೇಳಿಸಲಿಲ್ಲ ಅಂತ ಮಾತ್ರ ಬರೀತೀನಿ. ಇನ್ನು ಮೇಲೆ ಅಭಿಪ್ರಾಯ ಹೇಳಲ್ಲ ಅಂತ.”

“ನಿನ್ನ ಇಷ್ಟ. ಅದರಿಂದ ನನಗೇನೂ ಆಗಬೇಕಾಗಿಲ್ಲ.” ಅವಳು ಚಪ್ಪಲಿ ಹಾಕಿಕೊಂಡು ಎದ್ದಳು. ಮಾತು ಮೆದುವಾಗಿರಲಿಲ್ಲ, ಆದರೆ ಕೈ ಚಾಚಿ ಅಕ್ಕನನ್ನೂ ಎಬ್ಬಿಸಿದಳು. ಇಬ್ಬರಿಗೂ ಮೊಣಕಾಲು ಹಿಡಿದಿತ್ತು.

“ಮನೆಗೆ ಬಾ. ಭಾವ ಊಟಕ್ಕೆ ಕಾಯ್ತಿರ್ತಾರೆ.”

“ಇವತ್ತು ಬೇಡ. ಮುಂದಿನ ಭಾನುವಾರ ಬರ್ತೀನಿ. ಆದ್ರೆ ನಾಟಕದ ಮಾತು ಎತ್ತಬಾರದು. ಯಾವ ನಾಟಕದ್ದೂ.”

ಅಕ್ಕ ಯೋಚಿಸಿದಳು. ಎಷ್ಟೊಂದು ವರ್ಷಗಳು, ಎಷ್ಟೊಂದು ಬಸ್ಸುಗಳು.

“ಮತ್ತೆ ಏನು ಮಾತಾಡೋದೇ ನಾವು?”

“ಗೊತ್ತಿಲ್ಲ,” ಎಂದಳು ತಂಗಿ. ಅವಳಿಗೂ ಅದು ಆಗಷ್ಟೇ ಹೊಳೆದಂತಿತ್ತು. “ಬಂದಾಗ ನೋಡೋಣ.”